ಪುಷ್ಪಕದ ಪಡಿಯಚ್ಚು

ಸಂಸ್ಕೃತದಲ್ಲಿ ‘ಮಾ’ ಎಂಬ ಧಾತುವಿಗೆ ಅಳೆಯುವುದೆಂದು ಅರ್ಥ. ಮಾನ, ಪ್ರಮಾಣ, ಪರಿಮಾಣ, ನಿರ್ಮಾಣ, ಪ್ರತಿಮೆ, ಉಪಮೆ ಮೊದಲಾದ ಶಬ್ದಗಳೆಲ್ಲ ಆ ಒಂದೇ ಧಾತುವಿನ ಸಂತಾನ. ಅದಕ್ಕೆ ‘ವಿ’ ಎಂಬ ಉಪಸರ್ಗವು ಸೇರಿದಾಗ ಸಿದ್ಧಿಸಿದ ಶಬ್ದವೇ ವಿಮಾನ. ದೇವಾಲಯದಲ್ಲಿ ಗರ್ಭಗುಡಿಯ ಮೇಲೆ ಏಳುವ ಕಟ್ಟಡಕ್ಕೂ ವಿಮಾನವೆಂದೇ ಹೆಸರು. ಸ್ಥಪತಿಯು ಅಂಗುಲ ಅಂಗುಲವಾಗಿ ಅಳೆದು ಕಟ್ಟಿದ್ದೆಂಬುದು ಅದರ ಭಾವ. ಹೀಗೆ ಹಾರುವುದಕ್ಕಿಂತ ಮುಂಚಿನ ಅಳತೆಯು ಈ ಶಬ್ದದ ಬೇರಿನಲ್ಲಿಯೇ ಅಡಗಿದೆ. ಇದು ವ್ಯಾಕರಣದ ವಿನೋದವೆಂದು ಕೆಲವರು ನಗಬಹುದು. ಆದರೆ ವಿಮಾನವನ್ನು ತಮ್ಮ ಮನೆಯಂಗಳದಲ್ಲಿ ತಮ್ಮ ಕೈಗಳಿಂದಲೇ ಕಟ್ಟಿದವರ ಚರಿತ್ರೆಯನ್ನು ನೋಡಿದರೆ ಅದು ಬಾಳಿನ ಮಾತಾಗಿ ಕಾಣುತ್ತದೆ. ಅಳತೆಯನ್ನು ಕಡೆಗಣಿಸಿದವರ ಚರಿತ್ರೆಯನ್ನು ನೋಡಿದರೆ ಸಾವಿನ ಮಾತಾಗಿಯೂ ತೋರುತ್ತದೆ.

ಬೀದರ ನಗರದಲ್ಲಿ ವಿಮಾನದ ಸಪ್ಪಳ ಕೇಳದ ಹಗಲುಗಳು ವಿರಳ. ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಬಹಮನಿ ಸುಲ್ತಾನರ ಕೋಟೆಯೂ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನನ ಮದರಸವೂ ನಿಂತಿರುವಂತೆಯೇ, ಆ ಭೂಮಿಯ ಮೇಲೆಯೇ ಭಾರತೀಯ ವಾಯುಪಡೆಯ ತರಬೇತಿ ನೆಲೆಯೂ ಇದೆ. 1970ರ ದಶಕದಲ್ಲಿ ಅಲ್ಲಿಯ ಪ್ರಾಥಮಿಕ ವೈಮಾನಿಕ ಶಾಲೆಯಲ್ಲಿ ಎಳೆಯ ಅಭ್ಯರ್ಥಿಗಳು ಬೆಂಗಳೂರಿನಲ್ಲಿ ತಯಾರಾದ ಎಚ್.ಟಿ.-2 ಎಂಬ ಪುಟ್ಟ ವಿಮಾನದಲ್ಲಿ ಕುಳಿತು ಮೊದಲ ಪಾಠ ಕಲಿತರು. ತರುವಾಯ ‘ಕಿರಣ’ ಜೆಟ್ ವಿಮಾನಗಳು ಬಂದವು. 1996ರಲ್ಲಿ ಅವುಗಳಿಂದಲೇ ‘ಸೂರ್ಯಕಿರಣ’ವೆಂಬ ಪ್ರದರ್ಶನ ತಂಡವು ಬೀದರಿನಲ್ಲಿ ಜನ್ಮ ತಾಳಿತು. 2008ರಲ್ಲಿ ‘ಹಾಕ್’ ವಿಮಾನಗಳು ಬಂದಿಳಿದವು. 2020ರ ಫೆಬ್ರವರಿಯಲ್ಲಿ ನಾಗರಿಕ ಪ್ರಯಾಣಿಕರಿಗಾಗಿಯೂ ನಿಲ್ದಾಣವು ಬಾಗಿಲು ತೆರೆಯಿತು. ಭಾಲ್ಕಿಯ ಕಬ್ಬಿನ ಹೊಲಗಳಲ್ಲಿ, ಔರಾದದ ತೊಗರಿಯ ಸಾಲುಗಳಲ್ಲಿ ಕೆಲಸ ಮಾಡುವವರಿಗೂ ಆಕಾಶದ ಆ ಗುಡುಗು ಅಪರಿಚಿತವಲ್ಲ.

ಇಷ್ಟು ದೀರ್ಘಕಾಲದ ನೆರೆಹೊರೆಯಿದ್ದರೂ ಒಂದು ಸಂಗತಿ ವಿಚಾರವಂತರನ್ನು ಕಾಡದಿರದು. ಈ ಸೀಮೆಯ ಬಾಲಕನು ಹುಟ್ಟಿದಾಗಿನಿಂದ ವಿಮಾನವನ್ನು ನೋಡುತ್ತಾನೆ. ಆದರೆ ಅದರ ರೆಕ್ಕೆಯನ್ನು ಒಮ್ಮೆಯಾದರೂ ಕೈಯಿಂದ ಮುಟ್ಟಿದವರು ನೂರಕ್ಕೆ ಒಬ್ಬರಾದರೂ ಇರುವರೇ ಎಂಬುದು ಸಂದೇಹ. ವಿಮಾನವು ಅವನ ಪಾಲಿಗೆ ಮಳೆಬಿಲ್ಲಿನಂತೆ ಮೇಲೆ ಬಂದು ಮೇಲೆಯೇ ಮಾಯವಾಗುವ ವಸ್ತು. ಅದನ್ನು ಮನುಷ್ಯರೇ ಮಾಡಿದರು, ತನ್ನ ಊರಿನ ಬಡಗಿ, ಕಮ್ಮಾರ, ಸಿಂಪಿಗರಂಥವರ ಕೈಗಳೇ ಅದನ್ನು ಜೋಡಿಸಿದವು ಎಂಬ ಅರಿವು ಅವನಿಗೆ ಉಂಟಾಗುವುದಿಲ್ಲ. ನೋಡುವುದಕ್ಕೂ ಬಲ್ಲುದಕ್ಕೂ ನಡುವಿನ ಈ ಅಂತರವನ್ನು ತುಂಬುವುದು ವಿದ್ಯಾಸಂಸ್ಥೆಗಳ ಹೊಣೆ. ಹೇಗೆ ತುಂಬಬಹುದೆಂಬುದಕ್ಕೆ ಜಗತ್ತಿನ ಕೆಲವು ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಿಚಿತ್ರ ಹವ್ಯಾಸವು ದಾರಿ ತೋರಿಸುತ್ತದೆ.

ಹಳೆಯ ಕಾಲದ ಹಗುರ ವಿಮಾನಗಳನ್ನು ಮನೆಯಲ್ಲಿಯೇ ಪುನಃ ಕಟ್ಟುವ ಹವ್ಯಾಸ ಅದು. ಒಬ್ಬ ವೈದ್ಯನೋ, ಅಂಚೆಯ ನೌಕರನೋ, ನಿವೃತ್ತ ಉಪಾಧ್ಯಾಯನೋ ನಕ್ಷೆಯನ್ನು ತರಿಸಿಕೊಂಡು, ಬಿಡಿಭಾಗಗಳ ಪೆಟ್ಟಿಗೆಯನ್ನು ಕೊಂಡು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ದುಡಿದು ಒಂದು ವಿಮಾನವನ್ನು ಸಿದ್ಧಪಡಿಸುತ್ತಾನೆ. ಅಮೆರಿಕದಲ್ಲಿ 1938ರಿಂದ ಪ್ರಸಿದ್ಧವಾದ ಪೈಪರ್ ಕಬ್, ಇಂಗ್ಲೆಂಡಿನಲ್ಲಿ 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ಮುಂತಾದವುಗಳ ಪಡಿಯಚ್ಚುಗಳನ್ನು ಹೀಗೆ ಕಟ್ಟುತ್ತಾರೆ. ಕೆಲವರು ಮೂಲದಷ್ಟೇ ದೊಡ್ಡದಾಗಿ ಕಟ್ಟಿದರೆ, ಕೆಲವರು ಪ್ರಮಾಣವನ್ನು ತುಸು ಕುಗ್ಗಿಸಿ ಕಟ್ಟುತ್ತಾರೆ. ಅಮೆರಿಕದ ಕಾನೂನು ಈ ವಿಷಯದಲ್ಲಿ ಒಂದು ಸೊಗಸಾದ ನಿಯಮವನ್ನು ವಿಧಿಸಿದೆ: ಕೆಲಸದ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಕಲಿಕೆಗಾಗಿ ಅಥವಾ ವಿನೋದಕ್ಕಾಗಿ ಮಾಡಿರಬೇಕು. ಕೊಂಡುತಂದು ನಿಲ್ಲಿಸಿದರೆ ಅದು ಮನೆಯಲ್ಲಿ ಕಟ್ಟಿದ ವಿಮಾನವೆನಿಸದು. ಕಲಿಕೆಯೇ ಅದರ ಪ್ರಥಮ ಫಲವೆಂದು ಕಾನೂನೇ ಒಪ್ಪಿಕೊಂಡಂತಾಯಿತು.

ಈ ಸಂಪ್ರದಾಯಕ್ಕೆ ಮೂಲಪುರುಷರು ಹಲವರು. ಬ್ರೆಜಿಲ್ ದೇಶದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದ ಸಾಂತೋಸ್ ದ್ಯುಮೊಂ ಎಂಬಾತನು ‘ದೆಮ್ವಾಸೆಲ್’ ಎಂಬ ಅತಿ ಹಗುರವಾದ ವಿಮಾನವನ್ನು ರಚಿಸಿದನು. ಅದರ ಒಡಲಿನ ಮುಖ್ಯ ಅಂಗ ಬಿದಿರು. ಮೇದಾರರ ಅಂಗಳದಲ್ಲಿ ದೊರೆಯುವ ಬಿದಿರೇ ಆಕಾಶಕ್ಕೆ ಏರಿತೆಂದರೆ ಅದಕ್ಕಿಂತ ವಿಸ್ಮಯ ಬೇಕೇ! ಆತನು ಆ ರಚನೆಗೆ ಏಕಸ್ವಾಮ್ಯದ ಹಕ್ಕನ್ನು ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟನು. 1910ರಲ್ಲಿ ಅದರ ನಕ್ಷೆಗಳು ಅಮೆರಿಕದ ಜನಪ್ರಿಯ ಮಾಸಪತ್ರಿಕೆಯೊಂದರಲ್ಲಿ ಪ್ರಕಟವಾದವು. ವಿದ್ಯಾದಾನದ ಮಹಿಮೆಯನ್ನು ಬಲ್ಲ ಈ ನಾಡಿನವರಿಗೆ ಆತನ ಔದಾರ್ಯವು ಸುಲಭವಾಗಿ ಮನದಟ್ಟಾಗುತ್ತದೆ. 1929ರ ವೇಳೆಗೆ ಅಮೆರಿಕದ ಮಿನೆಸೋಟ ಪ್ರಾಂತದ ಹಳ್ಳಿಯೊಂದರಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಸ್ವಯಂಶಿಕ್ಷಿತ ಕುಶಲಿಯು ಫೋರ್ಡ್ ಮೋಟಾರು ಗಾಡಿಯ ಎಂಜಿನನ್ನೇ ಮರದ ವಿಮಾನಕ್ಕೆ ಅಳವಡಿಸಿ ಹಾರಿಸಿದನು. ಆತನ ನಕ್ಷೆಯನ್ನು ಅನುಸರಿಸಿ ಇಂದಿಗೂ ಜನರು ವಿಮಾನ ಕಟ್ಟುತ್ತಿದ್ದಾರೆ. 1953ರಲ್ಲಿ ಪಾಲ್ ಪೋಬರೆಜ್ನಿ ಎಂಬವರು ಮಿಲ್ವಾಕಿ ನಗರದಲ್ಲಿ ಇಂಥ ಹವ್ಯಾಸಿಗಳ ಸಂಘವೊಂದನ್ನು ಸ್ಥಾಪಿಸಿದರು. ಕೆಲವೇ ಮಂದಿ ಕೂಡಿ ಆರಂಭಿಸಿದ ಆ ಸಂಘವು ಕಾಲಕ್ರಮದಲ್ಲಿ ವಿಶ್ವವ್ಯಾಪಿಯಾಯಿತು.

ಆದರೆ ಉತ್ಸಾಹವೊಂದೇ ಸಾಲದೆಂಬುದಕ್ಕೂ ಅದೇ ಚರಿತ್ರೆಯಲ್ಲಿ ಕಹಿಯಾದ ನಿದರ್ಶನವುಂಟು. ಫ್ರಾನ್ಸಿನ ಹೆನ್ರಿ ಮಿನ್ಯೆ ಎಂಬಾತನು 1933ರಲ್ಲಿ ‘ಆಕಾಶದ ಹೇನು’ ಎಂಬರ್ಥದ ಹೆಸರುಳ್ಳ ಚಿಕ್ಕ ವಿಮಾನವನ್ನು ಕಟ್ಟಿ, ಮರುವರ್ಷ ಅದರ ರಚನೆಯನ್ನು ವಿವರಿಸುವ ಪುಸ್ತಕವನ್ನು ಬರೆದನು. ಸಾಮಾನ್ಯ ಮನುಷ್ಯನೂ ಕಟ್ಟಬಲ್ಲ ವಿಮಾನವೆಂಬ ಮಾತು ಯುರೋಪಿನ ತುಂಬ ಹಬ್ಬಿತು; ಸಾವಿರಾರು ಜನ ಹಿಡಿಯುಳಿ ಹಿಡಿದು ನಿಂತರು. ಆ ವಿಮಾನದಲ್ಲಿ ಮುಂದಿನ ರೆಕ್ಕೆಯೂ ಹಿಂದಿನ ರೆಕ್ಕೆಯೂ ಒಂದಕ್ಕೊಂದು ಸಮೀಪವಾಗಿದ್ದುದರಿಂದ, ಕೆಲವು ಸನ್ನಿವೇಶಗಳಲ್ಲಿ ಮೂಗು ಕೆಳಗಾಗಿ ಬೀಳತೊಡಗಿದ ಬಳಿಕ ಮೇಲೆತ್ತಲು ಸಾಧ್ಯವಾಗುತ್ತಿರಲಿಲ್ಲ. ಹಲವರು ಪ್ರಾಣ ತೆತ್ತ ಮೇಲೆ ಗಾಳಿಯ ಸುರಂಗದಲ್ಲಿ ಪರೀಕ್ಷೆ ನಡೆಸಿ ದೋಷವನ್ನು ಕಂಡುಹಿಡಿದರು. 1936ರಲ್ಲಿ ಬ್ರಿಟನ್ನಿನಲ್ಲಿ ಅದರ ಹಾರಾಟವನ್ನು ನಿಷೇಧಿಸಲಾಯಿತು. ಕಟ್ಟಿದವರ ಕೈಗಳಲ್ಲಿ ಪ್ರಾಮಾಣಿಕತೆಗೆ ಕೊರತೆಯಿರಲಿಲ್ಲ. ಮೂಲದ ಲೆಕ್ಕದಲ್ಲಿಯೇ ಕೊರತೆಯಿತ್ತು. ಪರೀಕ್ಷಿಸದ ಮೂಲಗ್ರಂಥವನ್ನು ಎಷ್ಟು ಶ್ರದ್ಧೆಯಿಂದ ಪ್ರತಿ ಮಾಡಿದರೂ ದೋಷವು ಪ್ರತಿಯೊಡನೆಯೇ ಬೆಳೆಯುತ್ತದೆ ಎಂಬುದು ಹಸ್ತಪ್ರತಿಗಳ ಸಂಪಾದನೆಯಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲ ಸತ್ಯ.

ಹಳೆಯದರ ಪ್ರತಿ ಮಾಡುವುದು ಹೊಸತನ್ನು ಸೃಷ್ಟಿಸಲಾರದವರ ಕೆಲಸವೆಂದು ತಾತ್ಸಾರ ಮಾಡುವವರೂ ಉಂಟು. ಅವರಿಗೆ ಕನ್ನಡ ಸಾಹಿತ್ಯದ ಚರಿತ್ರೆಯೇ ಉತ್ತರ ಹೇಳುತ್ತದೆ. ತಾಳೆಯೋಲೆಯ ಆಯುಷ್ಯ ಕೆಲವು ಶತಮಾನಗಳದು. ಗೆದ್ದಲು, ಬೆಂಕಿ, ಮಳೆ ಎಲ್ಲವೂ ಅದಕ್ಕೆ ವೈರಿಗಳು. ಹತ್ತನೆಯ ಶತಮಾನದ ಕಾವ್ಯಗಳು ಇಂದು ಕೈಗೆ ಸಿಗುವುದು ಹೆಸರಿಲ್ಲದ ಲಿಪಿಕಾರರು ತಲೆಮಾರಿಗೊಮ್ಮೆ ಕುಳಿತು ಬೆನ್ನು ಬಾಗಿಸಿ ಪ್ರತಿ ಮಾಡಿದ್ದರಿಂದ. ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಲೋಕಪ್ರಸಿದ್ಧ. ಆಕೆ ಒಂದು ಪದ್ಯವನ್ನೂ ಹೊಸದಾಗಿ ರಚಿಸಬೇಕಾಗಿರಲಿಲ್ಲ. ಆಕೆಯ ದಾನವೇ ಒಂದು ಕಾವ್ಯಕ್ಕೆ ಸಾವಿರ ಬಾಳುಗಳನ್ನು ಕೊಟ್ಟಿತು. ಹಳೆಯ ವಿಮಾನದ ಪಡಿಯಚ್ಚನ್ನು ಕಟ್ಟುವವನೂ ಅಂಥ ಲಿಪಿಕಾರನೇ. ಮರದ ತೊಲೆಗೆ ಪಕ್ಕೆಲುಬುಗಳನ್ನು ಹೇಗೆ ಕೂಡಿಸುತ್ತಿದ್ದರು, ಬಟ್ಟೆಯನ್ನು ಎಷ್ಟು ಬಿಗಿದು ಹೊಲಿಯುತ್ತಿದ್ದರು, ಡೋಪ್ ಎಂಬ ದ್ರಾವಣವನ್ನು ಬಳಿದಾಗ ಆ ಬಟ್ಟೆಯು ಹೇಗೆ ಬಿಗಿದುಕೊಂಡು ತಮಟೆಯ ಚರ್ಮದಂತೆ ನುಡಿಯುತ್ತಿತ್ತು ಎಂಬ ಜ್ಞಾನವು ಪುಸ್ತಕಕ್ಕಿಂತ ಹೆಚ್ಚಾಗಿ ಕೈಗಳಲ್ಲಿ ಉಳಿಯುತ್ತದೆ. ಕೈಗಳು ಸುಮ್ಮನಾದರೆ ಆ ಜ್ಞಾನವೂ ಗೆದ್ದಲು ಹತ್ತಿದ ಓಲೆಯಾಗುತ್ತದೆ.

ಕನ್ನಡ ನಾಡಿನ ವಿಮಾನ ನಿರ್ಮಾಣವೂ ಪ್ರತಿ ಮಾಡುವುದರಿಂದಲೇ ಆರಂಭವಾಯಿತೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. 1940ರ ಡಿಸೆಂಬರ್ 23ರಂದು ವಾಲಚಂದ ಹಿರಾಚಂದರು ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೈಸೂರು ಸರ್ಕಾರವು ಅದಕ್ಕೆ ಸಹಭಾಗಿಯಾಯಿತು. ಅಲ್ಲಿ ಮೊಟ್ಟಮೊದಲು ಹಾರಿದ್ದು ಅಮೆರಿಕದಿಂದ ಬಿಡಿಭಾಗಗಳಾಗಿ ಬಂದು, ಇಲ್ಲಿಯ ಕೆಲಸಗಾರರ ಕೈಯಲ್ಲಿ ಜೋಡಣೆಗೊಂಡ ಹಾರ್ಲೋ ತರಬೇತಿ ವಿಮಾನ. ಅದು 1941ರ ಮಾತು. ಪರರ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಿದ ಕೈಗಳೇ ಹತ್ತು ವರ್ಷಗಳಲ್ಲಿ ಸ್ವತಂತ್ರ ರಚನೆಗೆ ಸಿದ್ಧವಾದವು. ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಬಳಿ ಅಭ್ಯಾಸ ಮಾಡಿ ಬಂದ ಡಾ. ವಿಷ್ಣು ಮಾಧವ ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-2 ವಿಮಾನವು 1951ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ ಎರಡು ಆಸನಗಳ ಆ ವಿಮಾನವೇ ಮುಂದೆ ಬೀದರಿನ ಹಗಲುಗಳಿಗೂ ಪರಿಚಿತವಾಯಿತು.

1958ರಲ್ಲಿ ಅದೇ ಕಾರ್ಖಾನೆಯಿಂದ ಹೊರಬಂದ ಮತ್ತೊಂದು ಪುಟ್ಟ ವಿಮಾನಕ್ಕೆ ‘ಪುಷ್ಪಕ್’ ಎಂದು ನಾಮಕರಣವಾಯಿತು. ಹೆಸರು ರಾಮಾಯಣದ್ದು, ಆಕೃತಿ ಅಮೆರಿಕದ ಏರೋಂಕಾ ಚೀಫ್ ಎಂಬ ಹಗುರ ವಿಮಾನದ್ದು. 90 ಅಶ್ವಶಕ್ತಿಯ ಎಂಜಿನ್, ತಲೆಯ ಮೇಲೆ ಚಾಚಿದ ಸುಮಾರು 11 ಮೀಟರು ಉದ್ದದ ರೆಕ್ಕೆ, ಉಕ್ಕಿನ ಕೊಳವೆಗಳ ಹಂದರದ ಮೇಲೆ ಬಿಗಿದ ಬಟ್ಟೆ. ದೇಶದ ವಿಮಾನಚಾಲನ ಸಂಘಗಳಲ್ಲಿ ಎಷ್ಟೋ ತರುಣರು ಅದರಲ್ಲಿ ಹಾರಲು ಕಲಿತರು. ಹೀಗೆ ಭಾರತದ ಪುಷ್ಪಕವೇ ಒಂದು ಪಡಿಯಚ್ಚು. ಆದರೆ ಅದನ್ನು ಹಾಗೆಂದು ಯಾರೂ ಕೀಳಾಗಿ ಕಾಣಲಿಲ್ಲ. ಕಾಲ ಸರಿದಂತೆ ಇದೇ ಮಾರ್ಗವು ಪುನಃ ಕಾಣಿಸಿಕೊಂಡಿತು. ಅಮೆರಿಕದ ಬರ್ಟ್ ರುಟಾನ್ ಎಂಬ ರಚನಾಕಾರನು ಮನೆಯಲ್ಲಿ ಕಟ್ಟುವವರಿಗಾಗಿಯೇ ರೂಪಿಸಿದ ‘ಲಾಂಗ್-ಈಜಿ’ ಎಂಬ ವಿಮಾನವನ್ನು ಆಧರಿಸಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು ಗಾಜಿನ ನಾರು ಮತ್ತು ನೊರೆಯ ಹಲಗೆಗಳಿಂದ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರ ಫೆಬ್ರವರಿಯಲ್ಲಿ ಹಾರಿಸಿದರು. ಹವ್ಯಾಸಿಯ ಕೊಟ್ಟಿಗೆಗೆಂದು ಬರೆದ ನಕ್ಷೆಯಿಂದ ಕಲಿಯಲು ವಿಜ್ಞಾನಿಗಳು ನಾಚಲಿಲ್ಲ. ಆ ಅನುಭವದ ಬಲದಿಂದ ‘ಹಂಸ’ವೆಂಬ ಸ್ವದೇಶೀ ಲಘುವಿಮಾನವು 1993ರಲ್ಲಿ ಹಾರಿತು; ಅದರ ನವೀನ ರೂಪವು 2021ರಲ್ಲಿ ರೆಕ್ಕೆ ಬಿಚ್ಚಿತು. ಬೆಂಗಳೂರಿನ ‘ರಾಜಹಂಸ’ ಎಂಬ ಸಂಸ್ಥೆಯಂತೂ ಹಗುರ ವಿಮಾನಗಳ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ವಿದೇಶಗಳ ಹವ್ಯಾಸಿಗಳಿಗೆ ಕಳುಹಿಸಿತು. 1941ರಲ್ಲಿ ಪೆಟ್ಟಿಗೆಯನ್ನು ಬಿಚ್ಚಿದ ನಗರವೇ ಪೆಟ್ಟಿಗೆಯನ್ನು ಕಟ್ಟಿ ಹೊರಗೆ ಕಳುಹಿಸುವಂತಾದದ್ದು ಕಾಲದ ಮಹಿಮೆ.

ಪುಷ್ಪಕವೆಂಬ ಹೆಸರು ಬಂದಾಗ ಇನ್ನೊಂದು ಮಾತನ್ನು ಮುಚ್ಚಿಡುವುದು ಪಂಡಿತರಿಗೆ ಶೋಭೆಯಲ್ಲ. ಪ್ರಾಚೀನ ಭಾರತದಲ್ಲಿ ವಿಮಾನಶಾಸ್ತ್ರವು ಪರಿಪೂರ್ಣವಾಗಿತ್ತೆಂದು ಹೇಳುವಾಗ ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವನ್ನು ಉದಾಹರಿಸುವುದು ವಾಡಿಕೆ. ಆ ಗ್ರಂಥವು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳ ಬಾಯಿಂದ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬರೆಹಕ್ಕೆ ಇಳಿದದ್ದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದರ ಭಾಷೆಯನ್ನೂ ನಕ್ಷೆಗಳನ್ನೂ ಪರಿಶೀಲಿಸಿ, ಗ್ರಂಥವು ಪ್ರಾಚೀನವಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಇದರಿಂದ ವಾಲ್ಮೀಕಿಯ ಪುಷ್ಪಕಕ್ಕೆ ಕುಂದಿಲ್ಲ. ಕವಿಯ ವಿಮಾನವು ಕಲ್ಪನೆಯ ಆಕಾಶದಲ್ಲಿ ಹಾರುತ್ತದೆ, ಅಲ್ಲಿ ಅದಕ್ಕೆ ಅಡೆತಡೆಯಿಲ್ಲ. ಆದರೆ ಮಕ್ಕಳಿಗೆ ಶಾಸ್ತ್ರವೆಂದು ಕಲಿಸಬೇಕಾದದ್ದು ಪರೀಕ್ಷೆಗೆ ನಿಂತದ್ದನ್ನು ಮಾತ್ರ. ಅಭಿಮಾನ ಎಂಬ ಶಬ್ದದಲ್ಲಿಯೂ ಒಂದು ‘ಮಾನ’ವುಂಟು, ಆದರೆ ಅದು ‘ಮನ್’ ಎಂಬ ಬೇರೆ ಧಾತುವಿನಿಂದ ಬಂದದ್ದು. ಅದರಿಂದ ರೆಕ್ಕೆಯ ಅಗಲವನ್ನು ಅಳೆಯಲಾಗದು.

ಈ ಸೀಮೆಯು ಜಗತ್ತಿಗೆ ಕೊಟ್ಟ ನಿಜವಾದ ಸಂಪತ್ತು ಬೇರೆಯೇ ಇದೆ. ಅದು ಕಾಯಕದ ತತ್ತ್ವ. ಹನ್ನೆರಡನೆಯ ಶತಮಾನದಲ್ಲಿ ಇದೇ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಕೂಡಿದ ಶರಣರು ಕೈಯ ಕೆಲಸಕ್ಕೆ ಪೂಜೆಯ ಘನತೆಯನ್ನು ತಂದುಕೊಟ್ಟರು. ಹಳೆಯ ಮರದ ವಿಮಾನವನ್ನು ಬಿಚ್ಚಿ ನೋಡಿದರೆ ಶರಣ ಪರಂಪರೆಯ ಕಾಯಕಗಳೆಲ್ಲ ಒಂದೆಡೆ ನೆರೆದಂತೆ ತೋರುತ್ತದೆ. ತೊಲೆ ಮತ್ತು ಪಕ್ಕೆಲುಬುಗಳನ್ನು ಕೆತ್ತಲು ಬಾಚಿಕಾಯಕದ ಬಸವಣ್ಣನಂಥ ಬಡಗಿ ಬೇಕು. ರೆಕ್ಕೆಗೆ ಹೊದಿಸುವ ಬಟ್ಟೆಯನ್ನು ನೇಯಲು ಜೇಡರ ದಾಸಿಮಯ್ಯನಂಥ ನೇಕಾರ ಬೇಕು. ಅದನ್ನು ಪಕ್ಕೆಲುಬುಗಳಿಗೆ ಸಮಾನ ಅಂತರದಲ್ಲಿ ಹೊಲಿಯಲು ಸೂಜಿಕಾಯಕದ ರಾಮಿತಂದೆಯಂಥ ಸಿಂಪಿಗ ಬೇಕು. ಚುಕ್ಕಾಣಿಯನ್ನು ಎಳೆಯುವ ಹುರಿಗಳನ್ನು ಹೊಸೆದು ಬಿಗಿಯಲು ನುಲಿಯ ಚಂದಯ್ಯನಂಥ ಕೈ ಬೇಕು. ಇವರಲ್ಲಿ ಯಾರ ಕೆಲಸ ಹಿರಿದು, ಯಾರದು ಕಿರಿದು? ಒಂದು ಹೊಲಿಗೆ ಬಿಚ್ಚಿದರೂ ಬಟ್ಟೆ ಹರಿಯುತ್ತದೆ. ಒಂದು ಹುರಿ ಸಡಿಲಿದರೂ ಚುಕ್ಕಾಣಿ ತಪ್ಪುತ್ತದೆ. ಮೇಲು ಕೀಳುಗಳ ಭೇದವನ್ನು ಇಷ್ಟು ನಿಷ್ಠುರವಾಗಿ ಅಲ್ಲಗಳೆಯುವ ಯಂತ್ರವು ಮತ್ತೊಂದಿಲ್ಲ.

ಔರಾದ ಕಡೆಯ ಒಂದು ಬಡಗಿಯ ಮನೆಯಲ್ಲಿ ತಂದೆ ಮಗನ ನಡುವೆ ನಡೆದ ಮಾತುಗಳು ಈ ವಿಷಯಕ್ಕೆ ಒಪ್ಪುವಂತಿವೆ. ಎತ್ತಿನ ಬಂಡಿಗಳ ಕಾಲ ಮುಗಿದು, ಬಾಗಿಲು ಕಿಟಕಿಗಳೂ ಕಾರ್ಖಾನೆಯಿಂದಲೇ ಬರುತ್ತಿರುವ ಈ ದಿನಗಳಲ್ಲಿ ಆ ತಂದೆಗೆ ಕೆಲಸವೇ ಅಪರೂಪ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗನು ಒಂದು ದಿನ ಕೇಳಿದನು:

“ಅಪ್ಪಾ, ಮೊದಲಿಗಿ ವಿಮಾನ ಕಟ್ಟಿಗೀಲಿಂದೇ ಮಾಡ್ತಿದ್ರಂತ. ಖರೇ ಏನು?”

“ಖರೇ ಇರಬೇಕು, ಮಗಾ. ಕಟ್ಟಿಗಿ ಹಗುರ ಇರ್ತದ, ಬಾಗ್ತದ, ಮುರಿಯೂ ಮೊದಲ ಸಪ್ಪಳ ಮಾಡಿ ಹೇಳ್ತದ. ಆದ್ರ ಗಂಟಿದ್ದ ಹಲಗಿ ಹಾಕಿದ್ರ ಬಂಡೀನೇ ತಡಿಯೂದಿಲ್ಲ, ಆಕಾಶದಾಗ ಹ್ಯಾಂಗ ತಡೀತದ?”

“ನೀ ಮಾಡ್ತಿ ಏನಪ್ಪಾ?”

“ಅಳತಿ ಕೊಟ್ರ ಮಾಡ್ತೀನಿ. ಅಳತಿ ಇಲ್ದೆ ದೇವರ ಪಲ್ಲಕ್ಕೀನೂ ಮಾಡೂದಿಲ್ಲ.”

ಶಾಸ್ತ್ರವನ್ನು ಓದದ ಆ ಬಡಗಿಯ ಬಾಯಲ್ಲಿ ಶಾಸ್ತ್ರದ ಸಾರವೇ ಇದೆ. ವಿಮಾನದ ತೊಲೆಗೆ ಮರವನ್ನು ಆರಿಸುವವರು ಮೊದಲು ಗಂಟನ್ನೇ ನೋಡುತ್ತಾರೆ. ಎಳೆಯು ನೇರವಾಗಿಲ್ಲದ ಹಲಗೆಯನ್ನು ಪಕ್ಕಕ್ಕಿಡುತ್ತಾರೆ. ಅಂಟಿಸಿದ ತುಂಡುಗಳ ಮಾದರಿಯನ್ನು ಬೇಕೆಂದೇ ಮುರಿದು, ಅಂಟು ಬಿಟ್ಟಿತೋ ಮರವೇ ಸೀಳಿತೋ ಎಂದು ಪರೀಕ್ಷಿಸುತ್ತಾರೆ. ಮರ ಸೀಳಿದರೆ ಅಂಟು ಗಟ್ಟಿಯೆಂದು ಅರ್ಥ. ಆದರೆ ಆ ತಂದೆಯ ಕೈಯಲ್ಲಿರುವ ಈ ವಿವೇಕವು ಮಗನ ಶಾಲೆಯ ಯಾವ ಪಾಠದಲ್ಲಿಯೂ ಸೇರಿಲ್ಲ. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನಗರಕ್ಕೆ ಹೋಗುತ್ತಾನೆ. ತಂದೆಯ ಬಾಚಿ ತುಕ್ಕು ಹಿಡಿಯುತ್ತದೆ. ಮೂಲಶಿಕ್ಷಣದ ಪದ್ಧತಿಯಿದ್ದ ಕಾಲದಲ್ಲಿ ಶಾಲೆಗಳಲ್ಲಿ ನೂಲುವುದು, ಮರಗೆಲಸ ಮುಂತಾದ ಕೈಕಸುಬುಗಳಿಗೆ ಒಂದು ಗಂಟೆಯಾದರೂ ಮೀಸಲಿತ್ತು. ಅದು ಕ್ರಮೇಣ ಹಿಂದೆ ಸರಿಯಿತು. ಬಿದರಿಯ ಕುಶಲಕರ್ಮಿಯು ಸತು ತಾಮ್ರಗಳ ಪಾತ್ರೆಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಕೂರಿಸುವ ಊರಿನಲ್ಲಿಯೇ ಮಕ್ಕಳ ಬೆರಳುಗಳು ಸುಮ್ಮನೆ ಕುಳಿತಿರುವುದು ಖೇದದ ಸಂಗತಿ.

ಇಲ್ಲಿ ಭಾಲ್ಕಿಯ ಹಿರೇಮಠ ಸಂಸ್ಥಾನದ ಡಾ. ಚೆನ್ನಬಸವ ಪಟ್ಟದ್ದೇವರ ನೆನಪು ಸಹಜವಾಗಿಯೇ ಬರುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಕನ್ನಡದ ಪಾಠಕ್ಕೆ ಅವಕಾಶವಿಲ್ಲದಿದ್ದಾಗ, ಪೂಜ್ಯರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಈ ಸೀಮೆಯಲ್ಲಿ ಕನ್ನಡವು ಉಳಿದು ಬೆಳೆದುದಕ್ಕೆ ಆ ಧೈರ್ಯವು ದೊಡ್ಡ ಕಾರಣ. ಹೊರಗಿನ ರೂಪ ಯಾವುದಾದರೂ ಇರಲಿ, ಒಳಗೆ ನಡೆಯುವ ವಿದ್ಯೆ ಯಾವುದೆಂಬುದೇ ಮುಖ್ಯವೆಂದು ಅವರು ತೋರಿಸಿಕೊಟ್ಟರು. ಪಡಿಯಚ್ಚಿನ ವಿಮಾನದ ಮರ್ಮವೂ ಅದೇ. ಹೊರಗೆ 1930ರ ಕಾಲದ ಆಕೃತಿ. ಒಳಗೆ ಇಂದಿನ ಅಂಟು, ಇಂದಿನ ಎಂಜಿನ್, ಇಂದಿನ ಸುರಕ್ಷತೆಯ ಜ್ಞಾನ. ಹಳೆಯ ಅಂದವನ್ನು ಕಂಡು ಜನರು ಒಳಗೆ ಬರುತ್ತಾರೆ. ಬಂದವರು ಗಣಿತ, ಭೌತಶಾಸ್ತ್ರ, ತಾಳ್ಮೆಗಳನ್ನು ಕಲಿತು ಹೊರಗೆ ಹೋಗುತ್ತಾರೆ. ಪೂಜ್ಯರ ಶಾಲೆಯಲ್ಲಿ ಫಲಕದ ಹಿಂದೆ ಭಾಷೆಯಿತ್ತು. ಇಲ್ಲಿ ಬಟ್ಟೆಯ ಹೊದಿಕೆಯ ಹಿಂದೆ ವಿಜ್ಞಾನವಿರುತ್ತದೆ.

ಆದ್ದರಿಂದ ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳು ಒಂದು ಕಾರ್ಯಶಾಲೆಯನ್ನು ಕಟ್ಟಿ, ಅಲ್ಲಿ ವಿದ್ಯಾರ್ಥಿಗಳ ಕೈಯಿಂದ ಹಳೆಯ ಲಘುವಿಮಾನವೊಂದರ ಪಡಿಯಚ್ಚನ್ನು ಮಾಡಿಸುವುದು ಉಚಿತವಾದ ಕಾರ್ಯವೆಂದು ತೋರುತ್ತದೆ. ಮೊದಲ ವರ್ಷ ಮರ ಮತ್ತು ಬಟ್ಟೆಯ ಒಂದೇ ಒಂದು ರೆಕ್ಕೆ ಸಾಕು. ನಕ್ಷೆಯನ್ನು ನೆಲದ ಮೇಲೆ ನಿಜ ಗಾತ್ರದಲ್ಲಿ ಎಳೆಯಲು ರೇಖಾಗಣಿತ ಬೇಕು. ತೂಕದ ಕೇಂದ್ರವನ್ನು ಕಂಡುಹಿಡಿಯಲು ಭೌತಶಾಸ್ತ್ರ ಬೇಕು. ದಿನದ ಕೆಲಸವನ್ನು ದಿನಚರಿಯಲ್ಲಿ ತಪ್ಪಿಲ್ಲದೆ ಬರೆಯಲು ಒಳ್ಳೆಯ ಕನ್ನಡವೂ ಬೇಕು. ಪಕ್ಕೆಲುಬು, ತೊಲೆ, ಚುಕ್ಕಾಣಿ, ಹೊದಿಕೆ ಎಂಬ ತಿಳಿಗನ್ನಡದ ಮಾತುಗಳು ಅಲ್ಲಿ ಬಾಯಿಪಾಠವಾಗದೆ ಕೈಪಾಠವಾಗುತ್ತವೆ. ಊರಿನ ಬಡಗಿಯನ್ನೂ ಸಿಂಪಿಗನನ್ನೂ ವಾಯುಪಡೆಯಿಂದ ನಿವೃತ್ತರಾದ ಕುಶಲಕರ್ಮಿಗಳನ್ನೂ ಗುರುಗಳೆಂದು ಗೌರವಿಸಿ ಕರೆಯಬೇಕು. ತನ್ನ ತಂದೆಯು ಶಾಲೆಯ ಅಂಗಳದಲ್ಲಿ ನಿಂತು ವಿಜ್ಞಾನದ ಉಪಾಧ್ಯಾಯರೊಡನೆ ಸರಿಸಮನಾಗಿ ಮಾತನಾಡುವುದನ್ನು ಕಂಡ ಬಾಲಕನು ಕಾಯಕದ ಘನತೆಯನ್ನು ಬೇರೆ ಉಪನ್ಯಾಸದಿಂದ ಕಲಿಯಬೇಕಾಗಿಲ್ಲ.

ಆ ವಿಮಾನವು ಹಾರಬೇಕೇ ಎಂದು ಕೇಳುವವರಿಗೆ ಬೇಡವೆಂದೇ ಉತ್ತರ. ಭಾರತದಲ್ಲಿ ಯಾವ ವಿಮಾನವು ಹಾರಬೇಕಾದರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿ ಬೇಕು. ಮುಂಬಯಿಯ ಕ್ಯಾಪ್ಟನ್ ಅಮೋಲ್ ಯಾದವರು ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನವನ್ನು ಕಟ್ಟಿ 2016ರಲ್ಲಿ ಪ್ರದರ್ಶಿಸಿದಾಗ ದೇಶವೇ ಬೆರಗಾಯಿತು. ಅವರು ಸ್ವತಃ ವೃತ್ತಿಯಲ್ಲಿ ವಿಮಾನಚಾಲಕರು. ಅಂಥವರಿಗೂ ನೋಂದಣಿ ದೊರೆತದ್ದು 2017ರಲ್ಲಿ, ಹಾರಾಟದ ಅನುಮತಿ ದೊರೆತದ್ದು 2019ರಲ್ಲಿ. ಬೀದರಿನ ಆಕಾಶವಂತೂ ವಾಯುಪಡೆಯ ತರಬೇತಿಯ ಕ್ಷೇತ್ರ. ಅಲ್ಲಿ ನುರಿತವರಿಗೂ ಅಪಾಯ ತಪ್ಪಿದ್ದಲ್ಲವೆಂಬುದನ್ನು ಈ ಊರು ಮರೆತಿಲ್ಲ. 2006ರ ಮಾರ್ಚ್‌ನಲ್ಲಿ ಸೂರ್ಯಕಿರಣ ತಂಡದ ಇಬ್ಬರು ವೈಮಾನಿಕರು ಬೀದರಿನ ಬಳಿಯೇ ಅಭ್ಯಾಸದ ವೇಳೆಯಲ್ಲಿ ಪ್ರಾಣ ಕಳೆದುಕೊಂಡರು. ಮಕ್ಕಳ ಕೈಯಲ್ಲಿ ಆದ ವಿಮಾನವು ನೆಲದ ಮೇಲೆಯೇ ಇರತಕ್ಕದ್ದು. ಆದರೆ ಅದನ್ನು ಕಟ್ಟುವ ಶಿಸ್ತು ಹಾರುವ ವಿಮಾನದ್ದೇ ಆಗಿರಬೇಕು. ಹೇಗೂ ಹಾರುವುದಿಲ್ಲವಲ್ಲ ಎಂದು ಗಂಟಿದ್ದ ಹಲಗೆಯನ್ನು ತೊಲೆಗೆ ಹಾಕಿದರೆ ಅದು ಜಾತ್ರೆಯ ಬೊಂಬೆಯಾಗುತ್ತದೆ, ವಿದ್ಯೆಯಾಗುವುದಿಲ್ಲ. ಯಾರೂ ನೋಡದ ಒಳಗಿನ ಕೀಲನ್ನೂ ಸರಿಯಾಗಿ ಕೂಡಿಸುವ ಅಭ್ಯಾಸವೇ ಈ ಕೆಲಸದ ಪರಮ ಪ್ರಯೋಜನ. ಆ ಅಭ್ಯಾಸವುಳ್ಳವನು ಮುಂದೆ ಎಂಜಿನಿಯರನಾದರೆ ಅವನ ಸೇತುವೆ ಬೀಳದು; ವೈದ್ಯನಾದರೆ ಅವನ ಹೊಲಿಗೆ ಬಿಚ್ಚದು; ಉಪಾಧ್ಯಾಯನಾದರೆ ಅವನ ಮಾತು ಸುಳ್ಳಾಗದು.

ವಾರ್ಷಿಕ ಪರೀಕ್ಷೆಯ ಅಂಕಗಳಿಗೆ ಇದರಿಂದ ಹಾನಿಯಾದೀತೆಂಬ ಅಳುಕು ಪಾಲಕರಲ್ಲಿ ಸಹಜ. ವಾರಕ್ಕೆ ಎರಡು ಗಂಟೆಗಳ ಕೆಲಸದಿಂದ ಯಾರ ವಿದ್ಯೆಗೂ ಕುಂದು ಬಾರದು. ಕೋನವನ್ನು ಕಾಗದದ ಮೇಲೆ ಎಳೆದವನಿಗಿಂತ ಮರದ ಮೇಲೆ ಕೊಯ್ದವನಿಗೆ ಕೋನದ ಅರ್ಥವು ಚೆನ್ನಾಗಿ ನಾಟುತ್ತದೆ. ಹೆಣ್ಣುಮಕ್ಕಳಿಗೆ ಇದು ಹೊಂದದೆಂಬ ಮಾತಂತೂ ಶರಣರ ನಾಡಿನಲ್ಲಿ ಏಳಲೇಬಾರದು. ಇನ್ನು ಖರ್ಚಿನ ವಿಚಾರ. ಇಡೀ ವಿಮಾನಕ್ಕೆ ಹಣ ಹೆಚ್ಚು ಬೇಕಾಗಬಹುದು. ಒಂದು ರೆಕ್ಕೆಗೆ ಬೇಕಾಗುವುದು ಒಳ್ಳೆಯ ಮರ, ಹತ್ತಿಯ ಬಟ್ಟೆ, ಅಂಟು, ಕೆಲವು ಉಪಕರಣಗಳು, ಒಂದು ಉದ್ದನೆಯ ಮೇಜು ಮತ್ತು ಮಳೆ ಸೋರದ ಒಂದು ಸೂರು. ದಾಸೋಹದ ಪರಂಪರೆಯುಳ್ಳ ಮಠಗಳಿಗೂ, ಆ ಮಠಗಳ ಅನ್ನವುಂಡು ಓದಿ ಇಂದು ನಾಲ್ಕು ದಿಕ್ಕುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೂ ಇದು ಭಾರವಾಗಲಾರದು. ದಾನಿಗಳು ಕಟ್ಟಡದ ಗೋಡೆಯ ಮೇಲೆ ಹೆಸರು ಕೆತ್ತಿಸುವುದು ಲೋಕರೂಢಿ, ಅದರಲ್ಲಿ ತಪ್ಪೇನಿಲ್ಲ. ಅತ್ತಿಮಬ್ಬೆಯ ಹೆಸರಾದರೋ ಆಕೆ ಮಾಡಿಸಿದ ಪ್ರತಿಗಳ ಜೊತೆಗೆ ಓದುಗರ ಮನೆಮನೆಗೆ ನಡೆದು ಹೋಯಿತು.

ಎಚ್.ಟಿ.-2 ವಿಮಾನಗಳು ಬೀದರಿನ ಆಕಾಶದಿಂದ ಕಣ್ಮರೆಯಾಗಿ ದಶಕಗಳೇ ಕಳೆದವು. ಅವುಗಳ ಸದ್ದನ್ನು ಕೇಳಿದ ಹಿರಿಯರ ತಲೆಮಾರೂ ತೆರಳುತ್ತಿದೆ. ಹಿಡಿಯುಳಿ ಹಿಡಿಯಬಲ್ಲ ಬಡಗಿಗಳೂ ಊರಿಗೆ ಒಬ್ಬಿಬ್ಬರಾಗಿ ಉಳಿದಿದ್ದಾರೆ. ಇನ್ನು ಹತ್ತು ವರ್ಷಗಳ ತರುವಾಯ ಈ ಕೆಲಸಕ್ಕೆ ಹಣವು ದೊರೆತೀತು, ನಕ್ಷೆಯೂ ದೊರೆತೀತು. ಎಳೆಯ ಕೈಗೆ ಬಾಚಿಯನ್ನು ಹಿಡಿಸಿ, ಮರದ ಎಳೆ ಯಾವ ಕಡೆಗೆ ಓಡುತ್ತದೆಂದು ತೋರಿಸಿಕೊಡುವ ಗುರುಗಳು ದೊರೆಯುವರೆಂಬ ಭರವಸೆಯಿಲ್ಲ. ಆದಕಾರಣ ಇಡೀ ವಿಮಾನದ ಕನಸನ್ನು ಮುಂದಿನವರಿಗೆ ಬಿಟ್ಟು, ಈ ವರ್ಷವೇ ಒಂದು ಪಕ್ಕೆಲುಬನ್ನು ಅಳೆದು ಕೊಯ್ಯುವುದು ವಿಹಿತ.